ಸೇವಾ ಕ್ಲಬ್ಬಿನ ಕೆಲಸ ಮತ್ತು ನಮ್ಮ ಸಂಘದ ಹೊಣೆ

(ಹಾಲು ಉತ್ಪಾದಕರ ಸಹಕಾರ ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಇವತ್ತು ಮಾತಾಡಿದವರೆಲ್ಲ ಸಂಘ ಎಷ್ಟು ಲೀಟರ್ ಹಾಲಿನಿಂದ ಶುರುವಾಯಿತು, ಎಷ್ಟಕ್ಕೆ ಬೆಳೆಯಿತು, ಕಟ್ಟಡ ಹೇಗೆ ಎದ್ದಿತು ಎಂದು ಚೆನ್ನಾಗಿ ಹೇಳಿದ್ದಾರೆ. ಆ ಲೆಕ್ಕ ಮತ್ತೆ ಒಪ್ಪಿಸುವುದಿಲ್ಲ. ನಮಗೆ ಕೊಟ್ಟಿರುವ ವಿಷಯ ಸೇವಾ ಕ್ಲಬ್ಬುಗಳ ಧರ್ಮಕಾರ್ಯ. ನಾವು ಓದಿದ್ದು ಎಸ್ಸೆಸ್ಸೆಲ್ಸಿ, ಮಾಡೋದು ಬೇಸಾಯ. ದೊಡ್ಡ ಮಾತು ಬರೋದಿಲ್ಲ. ಕಂಡದ್ದು, ಕೇಳಿ ತಿಳಿದದ್ದು, ನಾವೇ ತಪ್ಪು ಮಾಡಿ ಕಲಿತದ್ದು, ಈ ಮೂರನ್ನು ಹೇಳುತ್ತೇವೆ.

ಲಯನ್ಸ್ ಕ್ಲಬ್ಬು ಅಂದರೆ ಪೇಟೆಯ ಶ್ರೀಮಂತರು ಕೋಟು ಹಾಕಿಕೊಂಡು ಊಟ ಮಾಡುವ ಜಾಗ ಅಂತಲೇ ನಮ್ಮೂರಲ್ಲಿ ಬಹಳ ಜನ ತಿಳಿದಿದ್ದರು. ನಾವೂ ಹಾಗೇ ತಿಳಿದಿದ್ದವರೇ. ಆಮೇಲೆ ವಿಚಾರ ಮಾಡಿದರೆ ಗೊತ್ತಾಯಿತು, ಇದು 1917ರಲ್ಲಿ ಅಮೆರಿಕದ ಷಿಕಾಗೋ ಪಟ್ಟಣದಲ್ಲಿ ಹುಟ್ಟಿದ ಸಂಸ್ಥೆ. ಕಟ್ಟಿದವರು ಮೆಲ್ವಿನ್ ಜೋನ್ಸ್ ಅಂತ ಒಬ್ಬ ವಿಮಾ ವ್ಯವಹಾರದವರು. ವ್ಯಾಪಾರಸ್ಥರು ಬರೀ ತಮ್ಮ ವ್ಯಾಪಾರ ನೋಡಿಕೊಂಡರೆ ಸಾಲದು, ಊರಿಗೂ ಏನಾದರೂ ಮಾಡಬೇಕು ಅನ್ನುವುದು ಅವರ ವಿಚಾರ. ನಮ್ಮ ದೇಶಕ್ಕೆ ಈ ಸಂಸ್ಥೆ ಬಂದದ್ದು 1956ರಲ್ಲಿ, ಮೊದಲು ಮುಂಬಯಿಗೆ.

ಇದಕ್ಕಿಂತ ಹಳೆಯದು ರೋಟರಿ. ಅದು ಷಿಕಾಗೋದಲ್ಲೇ 1905ರಲ್ಲಿ ಶುರುವಾಯಿತು. ಇಲ್ಲೊಂದು ಸ್ವಾರಸ್ಯ ಇದೆ. ಅದೇ 1905ನೇ ಇಸವಿಯಲ್ಲಿ ನಮ್ಮ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ಸಹಕಾರ ಸಂಘ ಕಟ್ಟಿದರು. ಅಲ್ಲಿ ಪೇಟೆಯವರು ಕೂಡಿದರು, ಇಲ್ಲಿ ಹಳ್ಳಿಯವರು ಕೂಡಿದರು. ಒಬ್ಬನ ಕೈಯಲ್ಲಿ ಆಗದ್ದು ಹತ್ತು ಜನ ಸೇರಿದರೆ ಆಗುತ್ತದೆ ಅನ್ನುವ ಬುದ್ಧಿ ಎರಡಕ್ಕೂ ಒಂದೇ. ಆದ್ದರಿಂದ ಕ್ಲಬ್ಬಿನವರು ಮೇಲೆ ಕೂತು ಕೊಡೋರು, ನಾವು ಕೆಳಗೆ ನಿಂತು ಕೈಯೊಡ್ಡೋರು ಅನ್ನುವ ಭಾವನೆ ಬೇಡ. ಇಬ್ಬರೂ ಸಂಘ ಕಟ್ಟಿದವರೇ.

ಲಯನ್ಸ್‌ನವರು ಕಣ್ಣಿನ ಕೆಲಸವನ್ನೇ ಯಾಕೆ ಹಿಡಿದರು ಅನ್ನುವುದಕ್ಕೆ ಕಾರಣ ಇದೆ. ಹೆಲೆನ್ ಕೆಲರ್ ಅಂತ ಒಬ್ಬ ಮಹಾತಾಯಿ ಇದ್ದರು. ಎಳೇ ಮಗುವಾಗಿದ್ದಾಗಲೇ ಕಣ್ಣೂ ಹೋಯಿತು, ಕಿವಿಯೂ ಹೋಯಿತು. ಆದರೂ ಓದಿ ಲೋಕಪ್ರಸಿದ್ಧರಾದರು. ಅವರು 1925ರಲ್ಲಿ ಲಯನ್ಸ್ ಸಮ್ಮೇಳನಕ್ಕೆ ಬಂದು, ಕಣ್ಣಿಲ್ಲದವರ ಪರವಾಗಿ ನೀವು ನಿಲ್ಲಿ ಎಂದು ಕೇಳಿಕೊಂಡರು. ಅವತ್ತು ಒಪ್ಪಿಕೊಂಡ ಕೆಲಸವನ್ನು ಸಂಸ್ಥೆ ಇವತ್ತಿಗೂ ಬಿಟ್ಟಿಲ್ಲ.

ಕಣ್ಣಿನ ಶಿಬಿರ ನಮ್ಮ ನಾಡಿಗೆ ಹೊಸದೇನಲ್ಲ. ಡಾಕ್ಟರ್ ಎಂ.ಸಿ. ಮೋದಿಯವರ ಹೆಸರು ಕೇಳದ ಹಿರಿಯರು ಈ ಸಭೆಯಲ್ಲಿ ಯಾರೂ ಇರಲಾರರು. ಊರೂರಿಗೆ ಹೋಗಿ, ಶಾಲೆ, ಛತ್ರ ಸಿಕ್ಕಿದ ಕಡೆ ಶಿಬಿರ ಮಾಡಿ, ಲಕ್ಷಗಟ್ಟಲೆ ಬಡವರ ಪೊರೆ ತೆಗೆದ ಪುಣ್ಯಾತ್ಮರು. 2005ರಲ್ಲಿ ತೀರಿಕೊಂಡರು. ಆ ಕಾಲದಲ್ಲಿ ಆಪರೇಷನ್ ಆದ ಮೇಲೆ ದಿನಗಟ್ಟಲೆ ಅಲುಗಾಡದೆ ಮಲಗಬೇಕಿತ್ತು, ಆಮೇಲೆ ಸೋಡಾ ಬಾಟಲಿ ತಳದಂಥ ದಪ್ಪ ಕನ್ನಡಕ ಬೇಕಿತ್ತು. ಈಗ ಕಣ್ಣಿನ ಒಳಗೇ ಲೆನ್ಸು ಇಡುತ್ತಾರೆ. ಬಹಳ ಮಂದಿ ಅವತ್ತೇ ಅಥವಾ ಮಾರನೇ ದಿನ ಮನೆಗೆ ಬರುತ್ತಾರೆ.

ಇನ್ನು ನಮ್ಮ ಸಂಘದ ಕಥೆಗೆ ಬರೋಣ. ಕೆಲವು ವರ್ಷಗಳ ಹಿಂದೆ ಕ್ಲಬ್ಬಿನವರು ನಮ್ಮ ಡೈರಿಗೆ ಬಂದರು. "ಡಾಕ್ಟರು, ಆಪರೇಷನ್, ಲೆನ್ಸು, ಔಷಧಿ ಎಲ್ಲ ನಮ್ಮ ಜವಾಬ್ದಾರಿ. ಜಾಗ, ಶಾಮಿಯಾನ, ಬಂದ ಜನಕ್ಕೆ ಊಟ ನಿಮ್ಮದು" ಅಂದರು. ಆಡಳಿತ ಮಂಡಳಿ ಸಭೆಗೆ ವಿಷಯ ಬಂತು. ಒಬ್ಬ ನಿರ್ದೇಶಕರು ಎದ್ದು ನಿಂತು, "ಇದು ಹಸುವಿನ ಸಂಘ ಕಣ್ರಪ್ಪ. ಸದಸ್ಯರ ಹಾಲಿನ ದುಡ್ಡು ತಗೊಂಡು ಕಣ್ಣಿಗೆ ಯಾಕೆ ಖರ್ಚು ಮಾಡ್ತೀರಿ? ನಾಳೆ ಲೆಕ್ಕ ಪರಿಶೋಧಕರು ಕೇಳಿದರೆ ಯಾರು ಉತ್ತರ ಕೊಡ್ತೀರಿ?" ಎಂದು ಗದರಿದರು.

ಅವರು ಕೇಳಿದ್ದು ತಪ್ಪಲ್ಲ. ಸಂಘದ ದುಡ್ಡು ಯಾರೊಬ್ಬರ ಜೇಬಿನ ದುಡ್ಡೂ ಅಲ್ಲ. ನಿವ್ವಳ ಲಾಭದಲ್ಲಿ ಕಾಯ್ದಿಟ್ಟ ನಿಧಿಗೆ ಹೋಗಬೇಕಾದ್ದು ಹೋಗಬೇಕು, ಬೋನಸ್ಸು ಸದಸ್ಯರಿಗೆ ಸೇರಬೇಕು. ಅದನ್ನೆಲ್ಲ ಬಿಟ್ಟು ಕಾಯಿದೆ, ಬೈಲಾ ಒಪ್ಪುವ ಮಿತಿಯಲ್ಲಿ ಧರ್ಮಕಾರ್ಯಕ್ಕೆಂದು ತೆಗೆದಿಟ್ಟದ್ದನ್ನು ಮಾತ್ರ, ಅದೂ ಸರ್ವಸದಸ್ಯರ ಸಭೆಯ ಒಪ್ಪಿಗೆ ಪಡೆದು ಬಳಸಬೇಕು. 1995ರಲ್ಲಿ ಅಂತರರಾಷ್ಟ್ರೀಯ ಸಹಕಾರ ಮೈತ್ರಿಕೂಟ ಒಪ್ಪಿಕೊಂಡ ಏಳು ಸಹಕಾರ ತತ್ತ್ವಗಳಲ್ಲಿ ಏಳನೆಯದು ಸಮುದಾಯದ ಕಾಳಜಿ. ಇದನ್ನು ಓದಿ ಹೇಳಿದ ಮೇಲೆ ಅದೇ ನಿರ್ದೇಶಕರು, "ಹಂಗಾದ್ರೆ ಸರಿ, ಊಟಕ್ಕೆ ನಮ್ಮನೆಯಿಂದ ಒಂದು ಮೂಟೆ ಅಕ್ಕಿ" ಅಂದರು.

ಶಿಬಿರ ಜೋರಾಗಿ ನಡೆಯಿತು. ಬ್ಯಾನರ್ ಕಟ್ಟಿದೆವು, ಹಾರ ತುರಾಯಿ ತಂದೆವು. ಭಾಷಣ ಮುಗಿಯುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಕಣ್ಣು ತೋರಿಸೋಕೆ ಬೆಳಿಗ್ಗೇನೇ ಬಂದಿದ್ದ ಮುದುಕರು ಶಾಮಿಯಾನದ ಹೊರಗೆ ಬಿಸಿಲಲ್ಲೇ ಕೂತಿದ್ದರು. ಅದು ನಮ್ಮ ಮೊದಲನೇ ತಪ್ಪು. ಎರಡನೇ ತಪ್ಪು ದೊಡ್ಡದು.

ಆಪರೇಷನ್ನಿಗೆ ಆಯ್ಕೆಯಾದವರನ್ನು ವ್ಯಾನಿನಲ್ಲಿ ಕರೆದುಕೊಂಡು ಹೋಗಿ, ಕಣ್ಣಿಗೆ ಪಟ್ಟಿ, ಕಪ್ಪು ಕನ್ನಡಕ ಹಾಕಿ, ಔಷಧಿ ಕೊಟ್ಟು, ಏನೇನು ಮಾಡಬೇಕು ಅಂತ ಚೀಟಿ ಬರೆದು ಕಳಿಸಿದರು. ಸಾಯಂಕಾಲ ಡೈರಿ ಮುಂದೆ ಎಲ್ಲರನ್ನೂ ಇಳಿಸಿಕೊಂಡೆವು, ಫೋಟೋ ತೆಗೆಸಿದೆವು, ಮನೆಗೆ ಹೋದೆವು. ಕೆಲಸ ಮುಗಿಯಿತು ಅಂದುಕೊಂಡೆವು.

ಅದರಲ್ಲಿ ಒಬ್ಬ ಅಜ್ಜಿ ಇದ್ದರು. ಹೆಸರು ಬೇಡ, ಊರಿಗೆಲ್ಲ ಗೊತ್ತು. ಸಂಘ ಶುರುವಾದ ದಿನದಿಂದ ಹಾಲು ಹಾಕುತ್ತಿರುವ ಸದಸ್ಯೆ. ಮಗ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾನೆ, ಮನೆಯಲ್ಲಿ ಅಜ್ಜಿ ಒಬ್ಬರೇ. ಚೀಟಿ ಓದೋರು ಯಾರು? ಹಸು ಕಾಯುತ್ತದೆಯೇ? ಮಾರನೇ ದಿನವೇ ಕೊಟ್ಟಿಗೆಗೆ ಇಳಿದರು, ಸಗಣಿ ಬಾಚಿದರು, ಒಲೆ ಊದಿದರು, ಸೆರಗಿನಲ್ಲೇ ಕಣ್ಣು ಒರೆಸಿಕೊಂಡರು. ಕಣ್ಣು ಕೆಂಪಾಯಿತು, ನೋವು ಬಂತು. ಆಪರೇಷನ್ ಅಂದ ಮೇಲೆ ನೋಯದೆ ಇರುತ್ತದಾ ಅಂತ ತಡೆದುಕೊಂಡರು. ಆಮೇಲೆ ಎರಡು ದಿನ ಅವರ ಹಾಲು ಡೈರಿಗೆ ಬರಲಿಲ್ಲ. ರಿಜಿಸ್ಟರಿನಲ್ಲಿ ಅವರ ನಂಬರಿನ ಮುಂದೆ ಖಾಲಿ ಗೆರೆ ಎಳೆದು ಸುಮ್ಮನಾದೆವು. ಯಾಕೆ ಬರಲಿಲ್ಲ ಅಂತ ಒಬ್ಬರೂ ಕೇಳಲಿಲ್ಲ. ಮೂರನೇ ದಿನ ಪಕ್ಕದ ಮನೆಯವರು ಬಂದು ಹೇಳಿದಾಗ ಓಡಿದೆವು. ಆಸ್ಪತ್ರೆಯವರು ಪಾಪ ತುಂಬಾ ಪ್ರಯತ್ನ ಪಟ್ಟರು. ಹೊತ್ತು ಮೀರಿತ್ತು. ಆ ಒಂದು ಕಣ್ಣು ಹೋಯಿತು.

ಈ ಮಾತನ್ನು ಬೆಳ್ಳಿಹಬ್ಬದ ದಿನ ಯಾಕೆ ಎತ್ತಿದೆವು ಅಂತ ಕೆಲವರಿಗೆ ಬೇಸರವಾಗಬಹುದು. ಡಾಕ್ಟರು ತಮ್ಮ ಕೆಲಸ ಮಾಡಿದ್ದರು, ಕ್ಲಬ್ಬಿನವರು ತಮ್ಮದು ಮಾಡಿದ್ದರು. ಊರಿನಲ್ಲಿ ದಿನಾ ಎರಡು ಹೊತ್ತು ಆಕೆಯ ಮುಖ ನೋಡುವ ಸಂಘ ನಮ್ಮದು. ನೋಡಿಕೊಳ್ಳಬೇಕಿದ್ದವರು ನಾವು. ದಾನ ಕೊಟ್ಟು ಕೈ ತೊಳೆದುಕೊಂಡರೆ ಆಯಿತೇ? ಸಸಿ ನೆಟ್ಟವನು ನೀರು ಹಾಕದೆ ಹೋದಂತೆ ನಾವು ಮಾಡಿದೆವು.

ಮುಂದಿನ ವರ್ಷ ಮತ್ತೆ ಶಿಬಿರ ಬಂತು. ಅಜ್ಜಿಯ ಇನ್ನೊಂದು ಕಣ್ಣಿಗೂ ಪೊರೆ ಬಲಿತಿತ್ತು. ನಾವು ನಿರ್ದೇಶಕರು ನಾಲ್ಕು ಜನ ಮನೆಗೆ ಹೋಗಿ ತಲೆ ತಗ್ಗಿಸಿ ನಿಂತೆವು. ಬೈತಾರೆ ಅಂದುಕೊಂಡಿದ್ದೆವು. ಬೈಯಲಿಲ್ಲ. "ಕೂತ್ಕಳ್ರಪ್ಪ" ಅಂದು ಕಾಫಿ ಕೊಟ್ಟರು. ಆಮೇಲೆ ಒಂದೇ ಮಾತು ಕೇಳಿದರು: "ನಾನು ತಂದ ಹಾಲನ್ನ ಎರಡು ಹೊತ್ತೂ ಪರೀಕ್ಷೆ ಮಾಡ್ತೀರಲ್ಲ, ಹಂಗೇ ನನ್ನ ಕಣ್ಣನ್ನೂ ನೋಡ್ತೀರಾ?"

ಆ ಮಾತಿನಿಂದ ನಮ್ಮ ಸಂಘದ ಹೊಸ ಪದ್ಧತಿ ಹುಟ್ಟಿತು. ಅದನ್ನು ಬೇರೆ ಊರಿನ ಸಂಘದವರೂ ತಿಳಿಯಲಿ ಎಂದು ಇಲ್ಲಿ ಹೇಳುತ್ತೇವೆ.

ಒಂದು. ಶಿಬಿರಕ್ಕೆ ಮುಂಚೆಯೇ ಸಕ್ಕರೆ ಕಾಯಿಲೆ, ಬಿ.ಪಿ. ಇರುವವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿ ಹತೋಟಿಗೆ ತರುವುದು. ಇಲ್ಲದಿದ್ದರೆ ಅವತ್ತು ಆಪರೇಷನ್ ಆಗದೆ ವಾಪಸ್ ಬರಬೇಕಾಗುತ್ತದೆ.

ಎರಡು. ಆಪರೇಷನ್ ಆದವರ ಪಟ್ಟಿಯನ್ನು ಡೈರಿಯಲ್ಲಿ ತೂಗುಹಾಕುವುದು. ಬೆಳಿಗ್ಗೆ, ಸಾಯಂಕಾಲ ಹಾಲು ಹಾಕಲು ಬಂದಾಗ ಅವರನ್ನೋ ಅವರ ಮನೆಯವರನ್ನೋ "ಡ್ರಾಪ್ಸ್ ಹಾಕಿದ್ರಾ?" ಎಂದು ಕಾರ್ಯದರ್ಶಿ ಕೇಳಿ ಗುರುತು ಹಾಕಬೇಕು. ಬರದೇ ಇದ್ದರೆ ಆ ಬೀದಿಯ ನಿರ್ದೇಶಕ ಅವತ್ತೇ ಮನೆಗೆ ಹೋಗಬೇಕು. ಡಾಕ್ಟರು ಎಷ್ಟು ವಾರ ಹೇಳಿರುತ್ತಾರೋ ಅಷ್ಟು ವಾರವೂ ಇದು ನಡೆಯಬೇಕು.

ಮೂರು. ಆ ವಾರಗಳಲ್ಲಿ ಒಂಟಿಯಾಗಿರುವ ಸದಸ್ಯರ ಹಸು ಕರೆಯುವುದು, ಕೊಟ್ಟಿಗೆ ಕೆಲಸ ಅಕ್ಕಪಕ್ಕದವರದು. ಕಣ್ಣಿಗೆ ನೀರು, ಹೊಗೆ, ಧೂಳು ತಾಗಬಾರದು, ಉಜ್ಜಬಾರದು. ಕಣ್ಣು ಕೆಂಪಾದರೆ, ನೋವು ಬಂದರೆ, ಮಂಜಾದರೆ ನಾಳೆ ಅನ್ನದೆ ಅವತ್ತೇ ಆಸ್ಪತ್ರೆಗೆ. ಗಾಡಿ ಖರ್ಚು ಸಂಘದ್ದು.

ನಾಲ್ಕು. ಉದ್ಘಾಟನೆ ಹತ್ತು ನಿಮಿಷಕ್ಕೆ ಮೀರಬಾರದು. ಪಟ್ಟಿ ಕಟ್ಟಿದ ಕಣ್ಣಿನವರನ್ನು ಸಾಲಾಗಿ ನಿಲ್ಲಿಸಿ ಫೋಟೋ ತೆಗೆಯಬಾರದು. ಸಹಾಯ ಪಡೆದವನಿಗೂ ಮಾನ ಇದೆ.

ಅಜ್ಜಿಯ ಎರಡನೇ ಕಣ್ಣಿನ ಆಪರೇಷನ್ ಆಯಿತು. ನೆರೆಮನೆ ಹೆಣ್ಣುಮಗಳು ಹಸು ಕರೆದಳು, ನಮ್ಮ ಕಾರ್ಯದರ್ಶಿ ಎರಡು ಹೊತ್ತೂ ವಿಚಾರಿಸಿದರು. ಕಣ್ಣು ಚೆನ್ನಾಗಿ ಬಂತು. ಈಗ ಅಜ್ಜಿ ಹಾಲಿನ ಚೀಟಿ ಕಣ್ಣ ಹತ್ತಿರ ಹಿಡಿದು, "ನೆನ್ನೆ ಫ್ಯಾಟು ನಾಲ್ಕು ಇತ್ತು, ಇವತ್ತು ಮೂರೂ ಎಂಟು ಯಾಕೆ ಬಂತಪ್ಪ?" ಅಂತ ಕಾರ್ಯದರ್ಶಿಯನ್ನು ತರಾಟೆಗೆ ತಗೊಳ್ತಾರೆ. ಅವರು ಜಗಳ ಮಾಡಿದಷ್ಟೂ ನಮಗೆ ಸಂತೋಷ.

ಕ್ಲಬ್ಬಿನವರಿಂದ ನಾವು ಕಲಿತದ್ದೂ ಒಂದಿದೆ. ಅವರಲ್ಲಿ ಸದಸ್ಯರ ಚಂದಾ ಹಣ ಬೇರೆ ಲೆಕ್ಕ, ಸೇವೆಗೆಂದು ಜನರಿಂದ ಎತ್ತಿದ ಹಣ ಬೇರೆ ಲೆಕ್ಕ. ಜನರಿಂದ ಬಂದದ್ದು ಪೂರ್ತಿ ಜನರಿಗೇ ಹೋಗಬೇಕು, ಕ್ಲಬ್ಬಿನ ಊಟ ತಿಂಡಿಗೆ ಅದರಲ್ಲಿ ಮುಟ್ಟುವ ಹಾಗಿಲ್ಲ ಎಂಬುದು ಅವರ ನಿಯಮ. ನಮ್ಮ ಸಂಘದಲ್ಲೂ ಧರ್ಮಕಾರ್ಯದ ಲೆಕ್ಕವನ್ನು ಬೇರೆ ಪುಸ್ತಕದಲ್ಲಿ ಇಟ್ಟು, ಸರ್ವಸದಸ್ಯರ ಸಭೆಯಲ್ಲಿ ಬಾಳೆಲೆ ಖರ್ಚಿನ ತನಕ ಓದಿ ಹೇಳುತ್ತೇವೆ. ಗುಪ್ತದಾನ ಒಳ್ಳೆಯದಿರಬಹುದು, ಸಂಘದ ದಾನ ಮಾತ್ರ ಬಹಿರಂಗವಾಗಿರಬೇಕು.

ಕೊನೆಯದಾಗಿ ಒಂದು ಕೋರಿಕೆ. ಪೊರೆಯಿಂದ ಮಂಜಾದ ಕಣ್ಣಿಗೆ ಆಪರೇಷನ್ ಇದೆ. ಆದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪರದೆ, ಅಂದರೆ ಕಾರ್ನಿಯಾ, ಗಾಯದಿಂದಲೋ ಹುಣ್ಣಿನಿಂದಲೋ ಬೆಳ್ಳಗಾದರೆ ಬಹಳ ಜನಕ್ಕೆ ಇನ್ನೊಬ್ಬರು ಸತ್ತ ಮೇಲೆ ಕೊಟ್ಟ ಕಣ್ಣೇ ಬೇಕು. ಡಾಕ್ಟರ್ ರಾಜ್‌ಕುಮಾರ್ ಅವರು 2006ರಲ್ಲಿ ತೀರಿಕೊಂಡಾಗ ಅವರ ಕಣ್ಣು ದಾನವಾಯಿತು. 2021ರಲ್ಲಿ ಪುನೀತ್ ರಾಜ್‌ಕುಮಾರ್ ಹೋದಾಗ ಅವರ ಕಣ್ಣಿನಿಂದ ನಾಲ್ಕು ಜನಕ್ಕೆ ಬೆಳಕು ಬಂತು. ಅವರ ಸಿನಿಮಾ ನೋಡಿ ಕಣ್ಣೀರು ಹಾಕಿದ ನಾವು ಈ ಒಂದು ಕೆಲಸ ಮಾಡಲಾರೆವೇ?

ವಯಸ್ಸಾದವರು, ಕನ್ನಡಕ ಹಾಕುವವರು, ಪೊರೆ ತೆಗೆಸಿಕೊಂಡವರು, ಇವರೂ ಸಾಮಾನ್ಯವಾಗಿ ಕೊಡಬಹುದು. ಪ್ರಾಣ ಹೋದ ಆರು ಗಂಟೆಯೊಳಗೆ ಆಗಬೇಕು. ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು, ಫ್ಯಾನು ನಿಲ್ಲಿಸಿ, ತಲೆಯ ಕೆಳಗೆ ದಿಂಬು ಇಟ್ಟು, ಕೂಡಲೇ ನೇತ್ರ ಬ್ಯಾಂಕಿಗೆ ಫೋನ್ ಮಾಡಬೇಕು. ಅವರೇ ಮನೆಗೆ ಬರುತ್ತಾರೆ, ಸ್ವಲ್ಪ ಹೊತ್ತಿನ ಕೆಲಸ. ಮುಖ ವಿಕಾರವಾಗುವುದಿಲ್ಲ. ಬರೀ ಫಾರಂ ತುಂಬಿದರೆ ಸಾಲದು, ಮನೆಯವರಿಗೆ ಬದುಕಿದ್ದಾಗಲೇ ಹೇಳಿರಬೇಕು. ಆ ದುಃಖದ ಹೊತ್ತಿನಲ್ಲಿ ಒಪ್ಪಿಗೆ ಕೊಡಬೇಕಾದವರು ಅವರು. ನೇತ್ರ ಬ್ಯಾಂಕಿನ ಫೋನ್ ನಂಬರನ್ನು ಡೈರಿಯ ಗೋಡೆಯ ಮೇಲೆ, ಹಾಲಿನ ದರಪಟ್ಟಿಯ ಪಕ್ಕದಲ್ಲೇ ಬರೆಸುತ್ತೇವೆ. ಆಡಳಿತ ಮಂಡಳಿಯವರು ಎಲ್ಲರೂ ಇವತ್ತೇ ಫಾರಂ ತುಂಬುತ್ತಿದ್ದೇವೆ. ಮೊದಲನೇ ಫಾರಂ ಮಾತ್ರ ನಮ್ಮದಲ್ಲ, ಬೆಳಿಗ್ಗೆ ಹಾಲು ಹಾಕಲು ಬಂದಾಗಲೇ ಅಜ್ಜಿ ಹೆಬ್ಬೆಟ್ಟು ಒತ್ತಿ ಹೋಗಿದ್ದಾರೆ.

ಹನಿ ಹನಿ ಹಾಲು ಕೂಡಿ ಸಂಘ ಆಯಿತು. ಇಪ್ಪತ್ತೈದು ವರ್ಷ ನಡೆಸಿದವರು ನೀವು. ಕ್ಲಬ್ಬಿನವರು ವರ್ಷಕ್ಕೊಮ್ಮೆ ಬರುತ್ತಾರೆ, ಅವರಿಗೆ ಊರಿನ ಪರವಾಗಿ ಕೈಮುಗಿಯುತ್ತೇವೆ. ಉಳಿದ ದಿನ ಒಬ್ಬರ ಮುಖ ಒಬ್ಬರು ನೋಡಿಕೊಂಡು ಬಾಳಬೇಕಾದವರು ನಾವೇ. ರಿಜಿಸ್ಟರಿನಲ್ಲಿ ಇನ್ನು ಮುಂದೆ ಯಾರ ನಂಬರಿನ ಮುಂದೆಯೂ ಕಾರಣ ಕೇಳದೆ ಖಾಲಿ ಗೆರೆ ಎಳೆಯುವುದು ಬೇಡ. 

ಜೈ ಹಿಂದ್, ಜೈ ಕರ್ನಾಟಕ, ಜೈ ಸಹಕಾರ.