ಬೇಜಾರು ಎಂಬ ಮಾತಿನ ಹಿಂದೆ
(ಚೆನ್ನೈ ಕನ್ನಡಿಗರ ಸಭೆಯಲ್ಲಿ ಮಾಡಿದ ಭಾಷಣ)



ಈ ಊರಿನಲ್ಲಿ ಯಾರನ್ನಾದರೂ ಹಾಸ್ಯ ಮಾಡಬೇಕಾದರೆ ‘ಕೀಳ್ಪಾಕ್ ಕೇಸು’ ಎನ್ನುತ್ತಾರೆ. ಬೆಂಗಳೂರಿನಲ್ಲಿ ನಾವು ‘ನಿಮ್ಹಾನ್ಸ್‌ಗೆ ಸೇರಿಸಬೇಕು’ ಎನ್ನುತ್ತೇವೆ. ಕಾವೇರಿಯ ವಿಷಯದಲ್ಲಿ ಒಮ್ಮತಕ್ಕೆ ಬಾರದ ಎರಡು ರಾಜ್ಯಗಳು ಈ ಹಾಸ್ಯದಲ್ಲಿ ಮಾತ್ರ ಒಂದಾಗಿವೆ! ಅದರ ಬೆಲೆಯನ್ನು ತೆರುವವರು ಆಸ್ಪತ್ರೆಯ ಬಾಗಿಲಿಗೆ ಹೋಗಲು ಅಂಜುವ ರೋಗಿಗಳು.

ನಾನು ವೈದ್ಯನಲ್ಲ, ಕೇಂದ್ರ ಸರ್ಕಾರದ ಸೇವೆಯಲ್ಲಿ ದಶಕಗಳ ಕಾಲ ರಜಾ ಅರ್ಜಿಗಳನ್ನು ಓದಿದವನು. ಅವುಗಳಲ್ಲಿ ಸೊಂಟನೋವು, ಅಜೀರ್ಣ, ಜ್ವರ ಎಲ್ಲವೂ ಇರುತ್ತಿದ್ದವು. ಖಿನ್ನತೆ ಎಂಬ ಪದ ಅತಿ ವಿರಳ. ಆದರೆ ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಸುಮಾರು 20ಕ್ಕೆ ಒಬ್ಬರು ಬದುಕಿನ ಒಂದಲ್ಲ ಒಂದು ಘಟ್ಟದಲ್ಲಿ ಖಿನ್ನತೆಯನ್ನು ಅನುಭವಿಸಿರುತ್ತಾರೆ. ಅವರಲ್ಲಿ ಕೆಲವರಾದರೂ ಆ ಸೊಂಟನೋವಿನ ಹಿಂದೆ ಅಡಗಿದ್ದಿರಬೇಕು.

ವೈದ್ಯರು ಇದನ್ನು ಗುರುತಿಸುವ ಕ್ರಮ ಸ್ಪಷ್ಟವಾಗಿದೆ. ಬಿಡದ ದುಃಖ, ಯಾವುದರಲ್ಲಿಯೂ ಆಸಕ್ತಿಯಿಲ್ಲದಿರುವಿಕೆ, ನಿದ್ರೆಯ ಏರುಪೇರು, ಹಸಿವಿನ ಏರುಪೇರು, ಆಯಾಸ, ಚಲನೆಯಲ್ಲಿ ಮಂದಗತಿ ಅಥವಾ ಚಡಪಡಿಕೆ, ಏಕಾಗ್ರತೆಯ ಕೊರತೆ, ತಾನು ನಿಷ್ಪ್ರಯೋಜಕನೆಂಬ ಭಾವ, ಸಾವಿನ ಯೋಚನೆ ಎಂಬ ಒಂಬತ್ತು ಲಕ್ಷಣಗಳಲ್ಲಿ ಐದಾದರೂ ಎರಡು ವಾರ ಎಡೆಬಿಡದೆ ಇರಬೇಕು. ಮೊದಲೆರಡರಲ್ಲಿ ಒಂದು ಇರಲೇಬೇಕು. ಇದನ್ನು ತೋರಿಸಿಕೊಡುವ ರಕ್ತಪರೀಕ್ಷೆಯಿಲ್ಲ. ಥೈರಾಯಿಡ್ ದೋಷ, ರಕ್ತಹೀನತೆ ಮೊದಲಾದವು ಕಾರಣವಲ್ಲವೆಂದು ಖಚಿತಪಡಿಸಿಕೊಳ್ಳಲಷ್ಟೇ ಪರೀಕ್ಷೆ. ಹಿಂದೆಂದಾದರೂ ಅತಿಯಾದ ಉತ್ಸಾಹದ, ನಿದ್ರೆಯೇ ಬೇಡವೆನಿಸಿದ ದಿನಗಳಿದ್ದವೇ ಎಂದೂ ಕೇಳಬೇಕು. ಇದ್ದಲ್ಲಿ ಚಿಕಿತ್ಸೆಯೇ ಬೇರೆ.

ಅಂದಮೇಲೆ ರೋಗನಿರ್ಣಯವು ನಿಂತಿರುವುದು ಮಾತಿನ ಮೇಲೆ. ಹೊರನಾಡಿನ ಕನ್ನಡಿಗರಿಗೆ ತೊಡಕು ಇಲ್ಲಿಯೇ. ಕಚೇರಿಗೂ ಅಂಗಡಿಗೂ ಸಾಲುವ ತಮಿಳು ನಮಗೆ ಬರುತ್ತದೆ. ಒಳಸಂಕಟಕ್ಕೆ ಅದು ಸಾಲದು. ಹಾಸನದಿಂದ ಮಗನ ಮನೆಗೆ ಬಂದ ವೃದ್ಧೆಯೊಬ್ಬರು ‘ಬೇಜಾರು’ ಎಂದರೆನ್ನಿ. ಅದು ಬೇಸರವೋ, ದುಃಖವೋ, ಬದುಕೇ ಬೇಡವೆಂಬ ಭಾವವೋ? ಮಗ ವೈದ್ಯರಿಗೆ ‘ಅಮ್ಮನಿಗೆ ಸುಸ್ತು’ ಎಂದು ತಮಿಳಿನಲ್ಲಿ ಹೇಳುತ್ತಾನೆ. ಶಕ್ತಿಗುಳಿಗೆ ಬರೆಯಲ್ಪಡುತ್ತದೆ. ಯಾವ ತಾಯಿ ತಾನೇ ಮಗನ ಮುಂದೆ ‘ನನಗೆ ಸಾಯಬೇಕೆನಿಸುತ್ತದೆ’ ಎಂದಾಳು? ಆ ಪ್ರಶ್ನೆಯನ್ನು ಕೇಳಿದರೆ ಯೋಚನೆ ಹುಟ್ಟುತ್ತದೆಂಬ ಭಯವೂ ತಪ್ಪು. ಕೇಳಿದಾಗ ಆಕೆಯ ಭಾರ ಇಳಿಯುವುದೇ ಹೆಚ್ಚು.

ಚಿಕಿತ್ಸೆಯಿದೆ. ಸೌಮ್ಯ ಖಿನ್ನತೆಗೆ ಆಪ್ತಸಮಾಲೋಚನೆಯೇ ಸಾಕಾಗಬಹುದು. ತೀವ್ರವಾದರೆ ಔಷಧವೂ ಬೇಕು. ಔಷಧದ ಫಲ ಕಾಣಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು. ಓಕರಿಕೆಯಂತಹ ಅಡ್ಡಪರಿಣಾಮ ಮೊದಲೇ ಬರುತ್ತದೆ. ಬಹಳ ಮಂದಿ ಬಿಟ್ಟುಬಿಡುವುದು ಈ ನಡುವಿನ ದಿನಗಳಲ್ಲಿ. ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಬೇಕು. ನಿಲ್ಲಿಸುವಾಗ ವೈದ್ಯರ ಸಲಹೆಯಂತೆ ಹಂತಹಂತವಾಗಿ ಇಳಿಸಬೇಕು. ಇವು ಚಟ ಹಿಡಿಸುವ ಗುಳಿಗೆಗಳಲ್ಲ.

ನೌಕರಿಯ ಭಯವುಳ್ಳವರಿಗೆ ಕಡತದ ಮನುಷ್ಯನಾಗಿ ಎರಡು ಮಾತು. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯು ರೋಗಿಯ ಗೋಪ್ಯತೆಯನ್ನು ರಕ್ಷಿಸುತ್ತದೆ; ವಿಮೆಯಲ್ಲಿ ದೇಹದ ಕಾಯಿಲೆಗೆ ಸಮನಾದ ಸ್ಥಾನವನ್ನು ಕೊಡುತ್ತದೆ. ಸೇವಾವಧಿಯಲ್ಲಿ ಅಂಗವೈಕಲ್ಯಕ್ಕೆ ಒಳಗಾದ ಸರ್ಕಾರಿ ನೌಕರನನ್ನು ತೆಗೆದುಹಾಕಕೂಡದೆಂದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ವಿಧಿಸುತ್ತದೆ. ಮಾನಸಿಕ ಕಾಯಿಲೆಯೂ ಆ ಪಟ್ಟಿಯಲ್ಲಿದೆ.

ನಾವು ನಗುವ ಆ ಕೀಳ್ಪಾಕ್ ಆಸ್ಪತ್ರೆಗೆ 1961ರಿಂದ ಮುಖ್ಯಸ್ಥೆಯಾಗಿದ್ದ ಡಾ. ಶಾರದಾ ಮೆನನ್ ಹುಟ್ಟಿದ್ದು ಮಂಗಳೂರಿನಲ್ಲಿ. ಮನೋವೈದ್ಯ ಶಿಕ್ಷಣ ಪಡೆದದ್ದು ಬೆಂಗಳೂರಿನಲ್ಲಿ. ಬಂದು ತೋರಿಸಿಕೊಂಡು ಮನೆಗೆ ಮರಳಬಹುದಾದ ಹೊರರೋಗಿ ವಿಭಾಗವನ್ನು ಅಲ್ಲಿ ಬೆಳೆಸಿದವರು ಅವರು. ನಮ್ಮ ನೆಲದಿಂದ ಬಂದವರೊಬ್ಬರು ತೆರೆದ ಬಾಗಿಲಿಗೆ ನಾವೇ ಅಂಜುವುದೇ?

ಸಂಘದ ಮುಂದೆ ನನ್ನದೊಂದು ಸೂಚನೆಯಿದೆ. ವೈದ್ಯರ ಬಳಿಗೆ ಜೊತೆಯಲ್ಲಿ ಹೋಗಿ, ಹೇಳಿದ್ದನ್ನು ಹೇಳಿದಂತೆಯೇ ತಮಿಳಿಗೆ ತಿಳಿಸಿ, ಕೇಳಿದ್ದನ್ನು ಅಲ್ಲಿಯೇ ಮರೆತು ಬರಬಲ್ಲ ಹತ್ತು ಮಂದಿ ಸದಸ್ಯರ ಪಟ್ಟಿಯೊಂದು ನಮ್ಮಲ್ಲಿರಲಿ. ಅವರು ರೋಗಿಯ ಬಂಧುಗಳಾಗಿರಬಾರದು. ತುರ್ತಿನಲ್ಲಿ 2022ರಲ್ಲಿ ಆರಂಭವಾದ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಬಹುದು. ಅಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು.

ರಾಜ್ಯೋತ್ಸವದ ವೇದಿಕೆಯಲ್ಲಿ ಕನ್ನಡ ಉಳಿದರೆ ಸಂತೋಷ. ನೊಂದವರು ತಮ್ಮ ನೋವನ್ನು ಹೇಳಿಕೊಳ್ಳುವಲ್ಲಿ ಅದು ಉಳಿದರೆ ಒಂದು ಜೀವ ಉಳಿದೀತು.