ರಸ್ತೆಗೆ ಥರ್ಮಾಮೀಟರ್ ಇಟ್ಟವರು ಯಾರು?

ಇವತ್ತು ಮಾತು ಶುರು ಮಾಡುವ ಮುಂಚೆ ನಿಮಗೊಂದು ಸಂಖ್ಯೆ ಕೊಡ್ತೀನಿ. ಪೆನ್ನು ಕೈಗೆ ಸಿಕ್ಕರೆ ಬರೆದಿಟ್ಟುಕೊಳ್ಳಿ. 140.

ಇದು ಕ್ರಿಕೆಟ್ ಸ್ಕೋರ್ ಅಲ್ಲ. ಚುನಾವಣಾ ಸಮೀಕ್ಷೆಯ ಸೀಟಿನ ಲೆಕ್ಕವೂ ಅಲ್ಲ. ಟಿಪ್ಪರ್‌ನಲ್ಲಿ ಬಂದ ಡಾಂಬರು ಮಿಶ್ರಣವನ್ನು ರಸ್ತೆ ಮೇಲೆ ಹಾಸುವಾಗ ಅದು ಕನಿಷ್ಠ 140 ಡಿಗ್ರಿ ಸೆಲ್ಸಿಯಸ್ ಬಿಸಿ ಇರಬೇಕು. ನಮ್ಮಲ್ಲಿ ಹೆಚ್ಚಾಗಿ ಬಳಸುವ ವಿ.ಜಿ. 30 ದರ್ಜೆಯ ಡಾಂಬರಿಗೆ ಈ ಲೆಕ್ಕ. ಇದನ್ನು ನಾನು ಹೇಳ್ತಿಲ್ಲ. ಕೇಂದ್ರ ಹೆದ್ದಾರಿ ಸಚಿವಾಲಯದ ನಿರ್ದಿಷ್ಟತೆಗಳ ಪುಸ್ತಕ ಹೇಳುತ್ತೆ. ಅದರ ಐದನೇ ಪರಿಷ್ಕರಣೆ ಬಂದದ್ದು 2013ರಲ್ಲಿ. ನಮ್ಮ ರಾಜ್ಯದ ರಸ್ತೆ ಟೆಂಡರ್‌ಗಳಲ್ಲೂ ಸಾಮಾನ್ಯವಾಗಿ ಈ ಪುಸ್ತಕವನ್ನೇ ಉಲ್ಲೇಖಿಸಿರ್ತಾರೆ. ಅಂದರೆ ಗುತ್ತಿಗೆದಾರ ಸಹಿ ಹಾಕುವುದು ಈ 140ಕ್ಕೂ ಸೇರಿಸಿಯೇ.

ಈಗ ನನ್ನ ಪ್ರಶ್ನೆ ಇಷ್ಟೇ. ನಿಮ್ಮ ಏರಿಯಾದಲ್ಲಿ ಡಾಂಬರು ಹಾಕುವಾಗ ಯಾರಾದರೂ ಒಬ್ಬರು ಥರ್ಮಾಮೀಟರ್ ಹಿಡಿದು ನಿಂತಿದ್ದನ್ನು ನೀವು ನೋಡಿದ್ದೀರಾ? ಗುದ್ದಲಿ ಪೂಜೆ ನೋಡಿರ್ತೀರಿ. ತೆಂಗಿನಕಾಯಿ, ಹಾರ, ಶಾಲು, ಫೋಟೊ ಎಲ್ಲ ನೋಡಿರ್ತೀರಿ. ಥರ್ಮಾಮೀಟರ್?

ಪ್ರತಿ ವರ್ಷ ಮಳೆಗಾಲದಲ್ಲಿ ನಾವು ಟಿವಿಯವರು ಒಂದೇ ಸುದ್ದಿ ಮಾಡ್ತೀವಿ. ಗುಂಡಿ ಪಕ್ಕ ನಮ್ಮ ವರದಿಗಾರ ನಿಲ್ತಾನೆ. ಸಚಿವರು ಗಡುವು ಕೊಡ್ತಾರೆ. ಅಧಿಕಾರಿಗಳು 'ಯುದ್ಧೋಪಾದಿಯಲ್ಲಿ' ಅಂತಾರೆ. ವಿರೋಧ ಪಕ್ಷದವರು ಗುಂಡಿಯಲ್ಲಿ ಬಾಳೆಗಿಡ ನೆಡ್ತಾರೆ. ತೇಪೆ ಬೀಳುತ್ತೆ. ಮುಂದಿನ ಮಳೆಗೆ ತೇಪೆ ಎದ್ದು ಹೋಗುತ್ತೆ. ಗುಂಡಿ ಮುಂದೆ ಮೈಕ್ ಹಿಡಿಯೋದು ಸುಲಭ, ಒಪ್ಕೋತೀನಿ. ಆದರೆ ಆ ಗುಂಡಿ ಹುಟ್ಟೋದು ಮಳೆಗಾಲದಲ್ಲಲ್ಲ. ರಸ್ತೆಗೆ ಡಾಂಬರು ಹಾಕಿದ ರಾತ್ರಿಯೇ ಅದು ಹುಟ್ಟಿರುತ್ತೆ. ಆ ರಾತ್ರಿ ಅಲ್ಲಿ ನಮ್ಮ ಕ್ಯಾಮೆರಾ ಇರಲ್ಲ, ನೀವೂ ಇರಲ್ಲ. ಇರಲೇಬೇಕಾದ ಎಂಜಿನಿಯರ್ ಇದ್ದರಾ, ಇಲ್ವಾ ಅನ್ನೋದೇ ಇವತ್ತಿನ ವಿಷಯ.

ನೋಡಿ, ಡಾಂಬರು ರಸ್ತೆ ಅಂದರೆ ನೂರು ಕೆ.ಜಿ.ಯಲ್ಲಿ ತೊಂಬತ್ನಾಲ್ಕು–ತೊಂಬತ್ತೈದು ಕೆ.ಜಿ. ಜಲ್ಲಿ ಮತ್ತು ಜಲ್ಲಿಪುಡಿ. ಉಳಿದ ಐದು–ಆರು ಕೆ.ಜಿ. ಮಾತ್ರ ಡಾಂಬರು, ಎಂಜಿನಿಯರ್‌ಗಳ ಮಾತಲ್ಲಿ ಬಿಟುಮೆನ್. ಕಚ್ಚಾತೈಲ ಸಂಸ್ಕರಿಸಿದಾಗ ತಳದಲ್ಲಿ ಉಳಿಯುವ ಕಪ್ಪು ಸರಕು ಅದು. ನಮ್ಮ ಮಂಗಳೂರಿನ ಎಂಆರ್‌ಪಿಎಲ್‌ನಲ್ಲೂ ತಯಾರಾಗುತ್ತೆ. ಅದರ ಕೆಲಸ ಅಂಟಿನದು. ಚೆನ್ನಾಗಿ ಬಿಸಿಯಾದಾಗ ಎಣ್ಣೆಯ ಹಾಗೆ ಹರಿದು ಪ್ರತಿ ಜಲ್ಲಿಗೂ ಮೈತುಂಬಾ ಲೇಪವಾಗುತ್ತೆ. ಆ ಬಿಸಿ ಇರುವಾಗಲೇ ರೋಲರ್ ಓಡಿಸಿದರೆ ಜಲ್ಲಿ ಜಲ್ಲಿ ಒತ್ತಿ ಕೂತು, ನಡುವಿನ ಗಾಳಿ ಹೊರಗೆ ಹೋಗುತ್ತೆ.

ಆರಿ ಹೋದರೆ? ಮನೆಯಲ್ಲಿ ಬೆಲ್ಲದ ಪಾಕ ಮಾಡಿದ ಅಮ್ಮಂದಿರಿಗೆ ಕೇಳಿ. ಪಾಕ ಬಿಸಿ ಇದ್ದಾಗ ಉಂಡೆ ಕಟ್ಟಬೇಕು. ಆರಿದ ಮೇಲೆ ಎಷ್ಟು ಒತ್ತಿದರೂ ಉಂಡೆ ಆಗಲ್ಲ, ಪುಡಿಪುಡಿ. ಡಾಂಬರಿನದೂ ಅದೇ ಕಥೆ. ಅದಕ್ಕೇ ಪುಸ್ತಕದಲ್ಲಿ ಎರಡನೇ ಸಂಖ್ಯೆ ಇದೆ: 90. ಮಿಶ್ರಣ 90 ಡಿಗ್ರಿಗೆ ಇಳಿಯೋದರೊಳಗೆ ರೋಲಿಂಗ್ ಮುಗಿದಿರಬೇಕು. ಆಮೇಲೆ ರೋಲರ್ ಹತ್ತು ಸಲ ಓಡಾಡಿದರೂ ಮೇಲ್ಮೈ ನುಣ್ಣಗೆ ಕಾಣುತ್ತೆ ಅಷ್ಟೇ. ಒಳಗೆ ಸಡಿಲ.

ಹಾಗಂತ ಪ್ಲಾಂಟ್‌ನಲ್ಲೇ ಜಾಸ್ತಿ ಕಾಯಿಸಿ ಕಳಿಸಿಬಿಡೋಣ ಅಂದರೆ ಅದೂ ಆಗಲ್ಲ. ಪ್ಲಾಂಟ್‌ನಿಂದ ಹೊರಡುವ ಮಿಶ್ರಣ 150ರಿಂದ 165 ಡಿಗ್ರಿ ಒಳಗೇ ಇರಬೇಕು. ಅದಕ್ಕಿಂತ ಕಾದರೆ ಡಾಂಬರು ಸುಟ್ಟು ಅಂಟುಗುಣ ಕಳಕೊಳ್ಳುತ್ತೆ, ರಸ್ತೆ ಬೇಗ ಬಿರುಕು ಬಿಡುತ್ತೆ. ಟಿಪ್ಪರ್‌ನಿಂದ ನೀಲಿ ಹೊಗೆ ಏಳ್ತಿದೆ ಅಂದರೆ ಅತಿಯಾಗಿ ಕಾದಿದೆ ಅಂತ ಅರ್ಥ. ಹೊಳಪಿಲ್ಲದೆ ಗಟ್ಟಿ ಗಟ್ಟಿ ಉಂಡೆ ಬೀಳ್ತಿದೆ ಅಂದರೆ ಆರಿದೆ ಅಂತ ಅರ್ಥ. ಎರಡನ್ನೂ ವಾಪಸ್ ಕಳಿಸಬೇಕು.

ಈಗ ಬೆಂಗಳೂರಿನ ಪರಿಸ್ಥಿತಿ ಯೋಚನೆ ಮಾಡಿ. ಪ್ಲಾಂಟ್ ಇರೋದು ಊರಾಚೆ. ಟಿಪ್ಪರ್ ಟ್ರಾಫಿಕ್‌ನಲ್ಲಿ ಸಿಕ್ಕಿಬೀಳುತ್ತೆ. ಮೇಲೆ ಟಾರ್ಪಾಲು ಹೊದಿಸದಿದ್ದರೆ ದಾರಿಯಲ್ಲೇ ಬಿಸಿ ಹೋಯ್ತು. ಬಂದ ಮೇಲೆ ಪೇವರ್ ಯಂತ್ರ ರೆಡಿ ಇಲ್ಲ, ರೋಲರ್ ಡ್ರೈವರ್ ಟೀ ಕುಡಿಯೋಕೆ ಹೋಗಿದ್ದಾನೆ, ಇನ್ನರ್ಧ ಗಂಟೆ. ಅಲ್ಲಿಗೆ ಆ ಲೋಡ್ ರಸ್ತೆಗೆ ಲಾಯಕ್ಕಿಲ್ಲ. ಆದರೆ ಲಕ್ಷಗಟ್ಟಲೆ ಬೆಲೆಯ ಲೋಡನ್ನು ವಾಪಸ್ ಕಳಿಸುವ ಧೈರ್ಯ ಯಾರಿಗಿದೆ? ಥರ್ಮಾಮೀಟರ್ ಇದ್ದರೆ ತಾನೆ ಧೈರ್ಯ ಬರೋದು! ಅದಿಲ್ಲದಿದ್ದರೆ 'ಪರವಾಗಿಲ್ಲ ಹಾಕಪ್ಪಾ' ಅನ್ನೋದೇ ಗುಣಮಟ್ಟ ನಿಯಂತ್ರಣ.

ಇನ್ನೊಂದು ವಿಷಯ, ದಪ್ಪ. ಮೇಲ್ಪದರಕ್ಕೆ 40 ಮಿಲಿಮೀಟರ್ ಅಂತ ಟೆಂಡರ್‌ನಲ್ಲಿದೆ ಅಂದ್ಕೊಳ್ಳಿ. ಸುಮಾರು ಎರಡು ಬೆರಳ ಅಗಲ. ಅದನ್ನು 30ಕ್ಕೆ ಇಳಿಸಿದರೆ ನಿಮ್ಮ ಕಣ್ಣಿಗೆ ಗೊತ್ತಾಗಲ್ಲ. ಆದರೆ ಲೆಕ್ಕ ಹಾಕಿ. ಏಳು ಮೀಟರ್ ಅಗಲ, ಒಂದು ಕಿಲೋಮೀಟರ್ ಉದ್ದ, 40 ಮಿಲಿಮೀಟರ್ ದಪ್ಪ ಅಂದರೆ 280 ಘನ ಮೀಟರ್. ಒಂದು ಘನ ಮೀಟರ್‌ಗೆ ಸುಮಾರು 2.4 ಟನ್ ಅಂತ ಹಿಡಿದರೆ 672 ಟನ್. ಹತ್ತು ಮಿಲಿಮೀಟರ್ ಕಡಿಮೆಯಾದರೆ 168 ಟನ್ ಮಾಯ! ಹತ್ತಾರು ಟಿಪ್ಪರ್ ಲೋಡು ರಸ್ತೆಗೆ ಬರಲೇ ಇಲ್ಲ, ಬಿಲ್ಲಿಗೆ ಮಾತ್ರ ಬಂತು. ದಪ್ಪ ಸರಿಯಾಗಿದ್ದು, ಡಾಂಬರಿನಲ್ಲಿ ಬರೀ ಅರ್ಧ ಪರ್ಸೆಂಟ್ ಹಿಡಿದರೂ ಸಾಕು, ಕಿಲೋಮೀಟರ್‌ಗೆ ಮೂರು ಟನ್‌ಗೂ ಹೆಚ್ಚು ಡಾಂಬರು ಉಳೀತು. ಯಾರಿಗೆ ಉಳೀತು ಅಂತ ನಾನು ಹೇಳಬೇಕಾ?

ಇದರಲ್ಲಿ ಇನ್ನೂ ಒಂದು ಸೂಕ್ಷ್ಮ ಇದೆ. ತೆಳ್ಳನೆ ದೋಸೆ ಬೇಗ ಆರುತ್ತೆ, ದಪ್ಪ ದೋಸೆ ನಿಧಾನ. ರಸ್ತೆಯೂ ಅಷ್ಟೇ. ಪದರ ತೆಳುವಾದಷ್ಟೂ ಬೇಗ ಆರುತ್ತೆ, ರೋಲರ್‌ಗೆ ಸಿಗುವ ಸಮಯ ಕಡಿಮೆಯಾಗುತ್ತೆ. ಅಂದರೆ ದಪ್ಪ ಕದ್ದವನು ಬರೀ ದಪ್ಪ ಕದಿಯಲಿಲ್ಲ, ಬಿಗಿಯನ್ನೂ ಕದ್ದ.

ಬಿಗಿ ಅಂದೆನಲ್ಲ, ಅದಕ್ಕೂ ಒಂದು ಸಂಖ್ಯೆ ಇದೆ: 92. ಒಳಗೆ ಗಾಳಿಯೇ ಇಲ್ಲದಿದ್ದರೆ ಆ ಮಿಶ್ರಣ ಎಷ್ಟು ಸಾಂದ್ರವಾಗಿರ್ತಿತ್ತೋ ಅದರ ಶೇಕಡ 92ರಷ್ಟಾದರೂ ರಸ್ತೆ ಬಿಗಿಯಾಗಿರಬೇಕು. ಅಂದರೆ ನೂರರಲ್ಲಿ ಎಂಟು ಪಾಲಿಗಿಂತ ಹೆಚ್ಚು ಗಾಳಿ ಇರಬಾರದು. ಅದಕ್ಕಿಂತ ಹೆಚ್ಚಾದರೆ ಆ ಸಣ್ಣ ಸಣ್ಣ ಸಂದುಗಳು ಒಂದಕ್ಕೊಂದು ಕೂಡಿಕೊಳ್ತವೆ. ನೀರಿಗೆ ದಾರಿ ಸಿಗುತ್ತೆ. ನೀರು ಒಳಗೆ ಇಳಿದು ಜಲ್ಲಿಯಿಂದ ಡಾಂಬರನ್ನು ಬಿಡಿಸುತ್ತೆ. ಮೇಲಿಂದ ಬಸ್ಸು ಲಾರಿ ಓಡಿದ ಹಾಗೆಲ್ಲ ಆ ನೀರು ಪಂಪ್ ಹೊಡೆದ ಹಾಗೆ ಒಳಗೊಳಗೇ ಕೆಲಸ ಮಾಡುತ್ತೆ. ಮೊದಲು ಒಂದು ಜಲ್ಲಿಕಲ್ಲು ಕಿತ್ತು ಬರುತ್ತೆ. ಆಮೇಲೆ ಒಂದು ಹಿಡಿ. ಆಮೇಲೆ ನಮ್ಮ ವರದಿಗಾರ ಬರ್ತಾನೆ.

ಎಲ್ಲ ತಪ್ಪನ್ನೂ ಗುತ್ತಿಗೆದಾರರ ತಲೆಗೇ ಕಟ್ಟೋದು ನ್ಯಾಯ ಅಲ್ಲ. ಚರಂಡಿ ಕಟ್ಟಿಕೊಂಡು ರಸ್ತೆ ಮೇಲೆ ನೀರು ನಿಂತರೆ ಎಂಥ ಒಳ್ಳೆ ರಸ್ತೆಯೂ ಹಾಳಾಗುತ್ತೆ. ಇವತ್ತು ಡಾಂಬರು ಹಾಕಿದ ರಸ್ತೆಯನ್ನು ಮರುದಿನ ನೀರಿನ ಪೈಪಿಗೆ, ಮೂರನೇ ದಿನ ಕೇಬಲ್‌ಗೆ ಅಗೆಯೋದು ಗುತ್ತಿಗೆದಾರ ಅಲ್ಲ. ಮಳೆ ಬೀಳ್ತಿರುವಾಗ, ನೆಲದ ಮೇಲೆ ನೀರು ನಿಂತಿರುವಾಗ ಡಾಂಬರು ಹಾಕಲೇಬಾರದು ಅಂತ ಅದೇ ಪುಸ್ತಕ ಹೇಳುತ್ತೆ. ಆದರೆ 'ನಾಳೆ ಬೆಳಗ್ಗೆಯೊಳಗೆ ಆಗಬೇಕು' ಅಂತ ಮಳೆಯಲ್ಲೇ ಹಾಕಿಸುವ ಒತ್ತಡ ಬರೋದು ಮೇಲಿಂದ. ಚೆನ್ನಾಗಿ ಕೆಲಸ ಮಾಡುವ ಜೂನಿಯರ್ ಎಂಜಿನಿಯರ್‌ಗಳೂ ಇದ್ದಾರೆ. ಲೋಡ್ ವಾಪಸ್ ಕಳಿಸಿದ ತಪ್ಪಿಗೆ ವರ್ಗಾವಣೆಯ ಬೆದರಿಕೆ ಬಂದರೆ, ಮುಂದಿನ ಸಲ ಅವರೂ ಕಣ್ಣು ಮುಚ್ಕೋತಾರೆ.

ಇದರ ಬೆಲೆ ಏನು ಗೊತ್ತಾ? 2018ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದ ಲೆಕ್ಕ ಇದು. 2013ರಿಂದ 2017ರವರೆಗೆ, ಐದು ವರ್ಷದಲ್ಲಿ, ರಸ್ತೆಗುಂಡಿಗಳಿಂದ ದೇಶದಲ್ಲಿ ಸತ್ತವರು 14,926 ಮಂದಿ. ಗಡಿಯಲ್ಲಿ ಸತ್ತವರಿಗಿಂತ ಇದು ಹೆಚ್ಚಿರಬಹುದು ಅಂತ ನ್ಯಾಯಪೀಠವೇ ಆತಂಕಪಟ್ಟಿತು. ಮರುವರ್ಷ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಆಯ್ತು. ಸೆಕ್ಷನ್ 198ಎ ಬಂತು. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಆದರೆ ಅಧಿಕಾರಿ, ಗುತ್ತಿಗೆದಾರ, ಸಲಹೆಗಾರ ಯಾರೇ ಇರಲಿ, ದಂಡ. ಎಷ್ಟು? ಹೆಚ್ಚೆಂದರೆ ಒಂದು ಲಕ್ಷ ರೂಪಾಯಿ. ಅದೂ ಸತ್ತವನ ಮನೆಗಲ್ಲ, ಸರ್ಕಾರದ ಅಪಘಾತ ನಿಧಿಗೆ. ಕೋಟಿಗಟ್ಟಲೆಯ ಕಾಮಗಾರಿಗೆ ಒಂದು ಲಕ್ಷದ ಭಯ! ಆದರೂ ಆ ಸೆಕ್ಷನ್ ಬಳಸಬೇಕಾದರೆ ಮಾನದಂಡ ಪಾಲಿಸಿಲ್ಲ ಅಂತ ತೋರಿಸಬೇಕು. ತೋರಿಸೋಕೆ ದಾಖಲೆ ಬೇಕು. ಆ ದಾಖಲೆ ಎಲ್ಲಿದೆ?

ಇದೆ ಸ್ವಾಮಿ. ನಿಯಮದ ಪ್ರಕಾರ ಇರಲೇಬೇಕು. ಯಾವ ಅಳತೆಯ ಜಲ್ಲಿ ಎಷ್ಟು, ಡಾಂಬರು ಎಷ್ಟು ಅನ್ನುವ ಮಿಶ್ರಣದ ಸೂತ್ರ, ಅಂದರೆ ಜಾಬ್ ಮಿಕ್ಸ್ ಫಾರ್ಮುಲಾ, ಕೆಲಸಕ್ಕೆ ಮುಂಚೆಯೇ ಒಪ್ಪಿಗೆ ಆಗಿರಬೇಕು. ಬಿಸಿಯ ದಾಖಲೆ ಇರಬೇಕು. ಮಿಶ್ರಣದಿಂದ ಡಾಂಬರು ಬೇರ್ಪಡಿಸಿ ತೂಗಿದ ವರದಿ ಇರಬೇಕು. ಹಾಕಿದ ರಸ್ತೆಯನ್ನು ಕೊರೆದು ಲೋಟದಾಕಾರದ ತುಂಡು ತೆಗೆದು, ಅದರ ದಪ್ಪ, ಸಾಂದ್ರತೆ ನೋಡಿದ ವರದಿ ಇರಬೇಕು. ಅದಕ್ಕೆ ಕೋರ್ ಟೆಸ್ಟ್ ಅಂತಾರೆ. ಕೊನೆಗೆ ಅಳತೆ ಪುಸ್ತಕ, ಎಂ.ಬಿ. ಬಿಲ್ ಪಾಸಾಗೋದು ಇದರ ಮೇಲೆ.

ಇವನ್ನೆಲ್ಲ ನೀವು ಕೇಳಬಹುದು. 2005ರ ಮಾಹಿತಿ ಹಕ್ಕು ಕಾಯ್ದೆ ಅಂದರೆ ಬರೀ ಜೆರಾಕ್ಸ್ ಕಾಪಿ ತಗೊಳ್ಳೋದು ಅಂತ ನಾವು ತಿಳ್ಕೊಂಡಿದ್ದೀವಿ. ಅದರ ಸೆಕ್ಷನ್ 2(ಜೆ) ಓದಿ. ಕಾಮಗಾರಿಯನ್ನೇ ಪರಿಶೀಲಿಸುವ ಹಕ್ಕು ಇದೆ. ಬಳಸಿದ ಸಾಮಗ್ರಿಯ ಪ್ರಮಾಣೀಕೃತ ಮಾದರಿ ಪಡೆಯುವ ಹಕ್ಕೂ ಇದೆ. ಅಂದರೆ ನಿಮ್ಮ ಬೀದಿಗೆ ಹಾಕಿದ ಡಾಂಬರಿನ ತುಂಡನ್ನೇ ಕೇಳುವ ಅಧಿಕಾರ ಕಾನೂನು ನಿಮಗೆ ಕೊಟ್ಟಿದೆ. ಅರ್ಜಿ ಶುಲ್ಕ ಹತ್ತು ರೂಪಾಯಿ. ಉತ್ತರಕ್ಕೆ ಮೂವತ್ತು ದಿನ.

ಅದಕ್ಕೇ ನನ್ನ ಸಲಹೆ ಇಷ್ಟೇ. ಗುಂಡಿ ಬಿದ್ದ ಮೇಲೆ ಬೈಯಬೇಡಿ, ರಸ್ತೆ ಆಗುವಾಗಲೇ ಕೇಳಿ. ನಿಮ್ಮ ನಿವಾಸಿಗಳ ಸಂಘ, ಯುವಕ ಸಂಘ, ಊರಿನ ನಾಲ್ಕು ಹಿರಿಯರು, ಯಾರಾದರೂ ಸರಿ, ಡಾಂಬರು ಹಾಕುವ ರಾತ್ರಿ ಹತ್ತು ನಿಮಿಷ ಅಲ್ಲಿ ಹೋಗಿ ನಿಲ್ಲಿ. ಜಗಳ ಬೇಡ, ವಿಡಿಯೊ ಹಿಡಿದು ಕೂಗಾಡೋದೂ ಬೇಡ. 'ಸಾರ್, ಈ ಲೋಡ್ ಎಷ್ಟು ಡಿಗ್ರಿ ಇದೆ? ದಪ್ಪ ಎಷ್ಟು? ಕೋರ್ ಯಾವಾಗ ತೆಗೀತೀರಿ? ರಸ್ತೆಯ ದೋಷಕ್ಕೆ ನೀವು ಹೊಣೆಯಾಗಿರುವ ಅವಧಿ ಎಷ್ಟು ವರ್ಷ?' ಇಷ್ಟೇ ಕೇಳಿ. ಆ ಅವಧಿಯೊಳಗೆ ಗುಂಡಿ ಬಿದ್ದರೆ ಗುತ್ತಿಗೆದಾರ ಸ್ವಂತ ಖರ್ಚಿನಲ್ಲಿ ಮುಚ್ಚಬೇಕು. ಅದಕ್ಕೆ ಮತ್ತೆ ನಮ್ಮ ತೆರಿಗೆ ದುಡ್ಡು ಹೋಗಬಾರದು.

ಸರ್ಕಾರಕ್ಕೂ ಒಂದೇ ಮಾತು. ಕೋರ್ ವರದಿ ಸಾರ್ವಜನಿಕರ ಮುಂದೆ ಇಡದೆ ಕೊನೇ ಬಿಲ್ ಕೊಡಬೇಡಿ. ಶಂಕುಸ್ಥಾಪನೆಯ ಫಲಕದಲ್ಲಿ ಸಚಿವರಿಂದ ವಾರ್ಡಿನವರ ತನಕ ಇಪ್ಪತ್ತು ಹೆಸರು ಕೆತ್ತಿಸ್ತೀರಿ. ಅದೇ ಕಲ್ಲಿನಲ್ಲಿ ದಪ್ಪ ಇಷ್ಟು, ಡಾಂಬರು ಇಷ್ಟು, ಬಿಗಿ ಇಷ್ಟು, ದೋಷ ಹೊಣೆ ಇಂಥ ದಿನದವರೆಗೆ ಅಂತ ನಾಲ್ಕು ಸಾಲು ಕೆತ್ತಿಸಿ. ಜಾಗ ಸಾಲದಿದ್ದರೆ ಹೆಸರು ನಾಲ್ಕು ಕಡಿಮೆ ಮಾಡಿ.

ಗುಂಡಿ ಸುದ್ದಿ ನಾವು ಮುಂದಿನ ಮಳೆಗೂ ಮಾಡ್ತೀವಿ, ಅದು ನಮ್ಮ ಕೆಲಸ. ಆದರೆ ಅಷ್ಟರೊಳಗೆ ನಿಮ್ಮ ಬೀದಿಗೆ ಡಾಂಬರು ಬಂದರೆ, ಬರೆದಿಟ್ಟುಕೊಂಡ ಆ ಸಂಖ್ಯೆ ಜೇಬಿನಲ್ಲಿರಲಿ. 140. ಕೇಳೋದಕ್ಕೆ ಕಾಸು ಖರ್ಚಿಲ್ಲ.