ಉಳಿಸಿದ ಜೀವವನ್ನು ಆಡಿಸಬಾರದು



ನಾವು ಒಮ್ಮೆ ಅರಸೀಕೆರೆಯಿಂದ ಜಾವಗಲ್, ಹಳೇಬೀಡು ಮಾರ್ಗವಾಗಿ ಬೇಲೂರಿಗೆ ಹೊರಟಿದ್ದೆವು. ದಾರಿಯ ಹಳ್ಳಿಯೊಂದರಲ್ಲಿ ಭಕ್ತರ ಮನೆಗೆ ಪಾದಪೂಜೆಗೆಂದು ಇಳಿದೆವು. ಆ ಮನೆಯಲ್ಲೊಂದು ಮಂಗನ ಮರಿ ಇತ್ತು. ಕರೆಂಟಿನ ತಂತಿ ತಗುಲಿ ತಾಯಿ ಸತ್ತಾಗ ಮನೆಯವರು ಮರಿಯನ್ನು ತಂದು, ಹಾಲೆರೆದು ಬದುಕಿಸಿದ್ದರು. ಪುಣ್ಯದ ಕೆಲಸ. ಯಜಮಾನರು, "ಬುದ್ಧೀ, ನಮ್ಮ ಮರಿ ತಮಗೆ ಶರಣು ಮಾಡುತ್ತೆ ನೋಡಿ" ಎಂದರು. ಮರಿ ಎರಡೂ ಕೈ ಜೋಡಿಸಿತು. ಹುಡುಗರು ಮೊಬೈಲಿನಲ್ಲಿ ಚಿತ್ರ ಹಿಡಿದರು. ಬರುವ ಜಾತ್ರೆಯಲ್ಲಿ ಇದನ್ನು ಮಠದ ಬಾಗಿಲಲ್ಲಿ ನಿಲ್ಲಿಸೋಣವೇ ಎಂದೂ ಕೇಳಿದರು. ನಾವೂ ನಕ್ಕೆವು, ಒಂದು ಬಾಳೆಹಣ್ಣನ್ನೂ ಕೊಟ್ಟೆವು.

ಅಷ್ಟರಲ್ಲಿ ಅಂಗಳ ಗುಡಿಸಲು ಒಬ್ಬ ಹುಡುಗ ಕಸಬರಿಗೆ ಹಿಡಿದು ಬಂದ. ಮರಿ ಮೂಲೆಗೆ ಸರಿದು ಆ ಕಸಬರಿಗೆಗೂ ಕೈ ಮುಗಿಯಿತು. ಆಗ ನಮಗೆ ತಿಳಿಯಿತು: ಅದು ಮಾಡಿದ್ದು ಶರಣಾರ್ಥಿಯಲ್ಲ, "ಹೊಡೆಯಬೇಡಿ" ಎಂಬ ಮೊರೆ. ಆ ಮೊರೆಗೆ ನಾವು ನಕ್ಕಿದ್ದೆವು.

ಯಜಮಾನರು, "ಉಂಡ ಅನ್ನಕ್ಕೆ ಅದೂ ಕಾಯಕ ಮಾಡಲಿ, ಬುದ್ಧೀ" ಎಂದರು. ಕಾಯಕವೆಂಬುದು ಮನವೊಪ್ಪಿ ಮಾಡುವಂಥದು. ಹಸಿವಿಗೂ ಕೋಲಿಗೂ ಅಂಜಿ ಮಾಡುವುದು ಜೀತ. ಎತ್ತಿನಿಂದ ದುಡಿಸಿಕೊಳ್ಳುವ ನಮ್ಮ ರೈತರು ಸೋಮವಾರ ನೊಗ ಹೂಡುವುದಿಲ್ಲ. ಆಟಕ್ಕೆ ಕಟ್ಟಿದ ಮಂಗನಿಗೆ ಸೋಮವಾರವೆಲ್ಲಿದೆ?

ಹಿಂದೆ ಕರಡಿ ಆಡಿಸುವವರು ಊರೂರಿಗೆ ಬರುತ್ತಿದ್ದರು. ನಮ್ಮ ಅರಸೀಕೆರೆ ಸೀಮೆಯ ಕಲ್ಲುಗುಡ್ಡಗಳಲ್ಲಿ ಗೆದ್ದಲು ತಿಂದು ತನ್ನಷ್ಟಕ್ಕೆ ಬಾಳುವ ಪ್ರಾಣಿ ಅದು. ಅದರ ಮೂತಿಗೆ ಕಾದ ಕಬ್ಬಿಣ ಚುಚ್ಚಿ ಹಗ್ಗ ಪೋಣಿಸುತ್ತಿದ್ದರು, ಹಲ್ಲು ಮುರಿಯುತ್ತಿದ್ದರು. ಹಗ್ಗ ಜಗ್ಗಿದಾಗ ನೋವಿನಿಂದ ಎದ್ದು ನಿಂತದ್ದನ್ನು ನಾವು ಕುಣಿತವೆಂದು ಕರೆದೆವು, ಕಾಸು ಹಾಕಿದೆವು. 1998ರಲ್ಲಿ ಕೇಂದ್ರ ಸರ್ಕಾರವು ಕರಡಿ, ಮಂಗ, ಹುಲಿ, ಚಿರತೆ, ಸಿಂಹಗಳನ್ನು ಪಳಗಿಸಿ ಪ್ರದರ್ಶಿಸುವುದನ್ನು ನಿಷೇಧಿಸಿತು. 2001ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. 2005ರಲ್ಲಿ ಬನ್ನೇರುಘಟ್ಟದಲ್ಲಿ ಇಂಥ ಕರಡಿಗಳಿಗೆ ಆಶ್ರಯವಾಯಿತು. ಆಡಿಸುವ ಕರಡಿಗಳಲ್ಲಿ ಕೊನೆಯದೆಂದು ಹೆಸರಾದ ರಾಜು 2009ರಲ್ಲಿ ಅಲ್ಲಿಗೆ ಬಂದಿತು. ಹಗ್ಗ ಬಿಚ್ಚಿದವರು ಮತ್ತೆ ಅದಕ್ಕೆ ಕುಣಿಯೆನ್ನಲಿಲ್ಲ. ಕರಡಿಯನ್ನು ಒಪ್ಪಿಸಿದ ಕಲಂದರ್ ಕುಟುಂಬಗಳಿಗೂ ಬೇರೆ ದುಡಿಮೆಗೆ ನೆರವು ದೊರೆಯಿತು. ದಯೆ ಪ್ರಾಣಿಯ ಬಳಿ ನಿಲ್ಲದೆ, ಅದನ್ನು ನಂಬಿ ಉಣ್ಣುತ್ತಿದ್ದವನ ಮನೆಗೂ ಹೋಗಬೇಕು.

ಪ್ರಾಣಿಗಳನ್ನು ಕಣ್ತುಂಬ ನೋಡುವ ಆಸೆಯೇ? ಬೇಲೂರು, ಹಳೇಬೀಡಿನ ಗುಡಿಗಳ ತಳದಲ್ಲಿ ಸಾಲಾಗಿ ನಡೆದಿರುವ ಆನೆಗಳನ್ನು ನೋಡಿರಿ. ಶಿಲ್ಪಿಗಳು ಅವುಗಳ ನಡೆಯನ್ನು ಕಂಡು ಕಲ್ಲಿಗೆ ಇಳಿಸಿದರು. ಎಂಟುನೂರು ವರುಷಗಳಿಗೂ ಮೇಲಾಯಿತು, ನೋಡಿದವರು ತಣಿಯುತ್ತಲೇ ಇದ್ದಾರೆ.

ಆ ಯಜಮಾನರು ಎರಡು ದಿನ ಯೋಚಿಸಿ ಮರಿಯನ್ನು ಅರಣ್ಯ ಇಲಾಖೆಗೆ ಒಪ್ಪಿಸಿದರು. ಮನೆಯ ತಾಯಿ ಅತ್ತರಂತೆ. ಆ ವರುಷದ ಜಾತ್ರೆಯಲ್ಲಿ ಮಠಕ್ಕೆ ಸಂದ ದೊಡ್ಡ ಕಾಣಿಕೆ ಅದೇ ಎಂದು ನಾವು ತಿಳಿದಿದ್ದೇವೆ.

ಜೀವ ಉಳಿಸಿದವರು ಅದರಿಂದ ಬಾಡಿಗೆ ಕೇಳಬಾರದು.